ಜಾತ್ರೆಯ ದೋಣಿ, ಹೊಲದ ಎಂಜಿನ್

ಭತ್ತದ ಕೊಯ್ಲಿನ ಹಂಗಾಮಿನಲ್ಲಿ ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ ಅರ್ಧ ಗಂಟೆ ನಿಂತರೆ ಸಾಕು. ಟ್ರ್ಯಾಕ್ಟರ್, ಕೊಯ್ಲು ಯಂತ್ರ, ಟಂಟಂ, ಜೀಪು, ಗೊಬ್ಬರದ ಲಾರಿ, ಮೂವರು ಕುಳಿತ ಮೋಟರ್ ಸೈಕಲ್ಲು, ಹೀಗೆ ಒಂದರ ಹಿಂದೊಂದು ಎಂಜಿನ್ನುಗಳ ಮೆರವಣಿಗೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಈ ಸೀಮೆಯ ಹೊಲಗಳ ಚಹರೆಯೇ ಬದಲಾಯಿತು. ಎತ್ತಿನ ಜಾಗದಲ್ಲಿ ಯಂತ್ರ ಬಂತು. ಇಲ್ಲಿ ಬೆಳೆದ ಎಂಟು ವರ್ಷದ ಪೋರನೂ ಮನೆಯೊಳಗೆ ರೊಟ್ಟಿ ತಿನ್ನುತ್ತಲೇ, ಹೊರಗೆ ಹಾದುಹೋದದ್ದು ಯಾವ ಕಂಪನಿಯ ಟ್ರ್ಯಾಕ್ಟರ್ ಎಂದು ಸದ್ದಿನ ಮೇಲೆ ಹೇಳಬಲ್ಲ.

‘ಆದರೆ ಆ ಸದ್ದು ಯಾಕೆ ಬರುತ್ತದಪ್ಪಾ?’ ಎಂದು ಕೇಳಿ ನೋಡಿ. ‘ಡೀಸೆಲ್ ಹಾಕ್ತಾರಲ್ರೀ, ಅದಕ್ಕ’ ಎಂಬ ಉತ್ತರ ಬರುತ್ತದೆ. ಅವನ ಅಪ್ಪನ ಉತ್ತರವೂ ಬಹುಮಟ್ಟಿಗೆ ಅದೇ. ಡಿಗ್ರಿ ಓದಿದ ಅಣ್ಣನ ಉತ್ತರ ಸ್ವಲ್ಪ ಉದ್ದವಾಗಿರುತ್ತದೆ, ಅಷ್ಟೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ನಮ್ಮ ರಾಜ್ಯದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಉಷ್ಣ ಎಂಜಿನ್ನುಗಳ ಪಾಠವಿತ್ತು. ಪೆಟ್ರೋಲ್ ಎಂಜಿನ್ನಿನ ಒಂದು ಹೊಡೆತದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬುದು ಪರೀಕ್ಷೆಯ ಖಾಯಂ ಪ್ರಶ್ನೆ. ಮಕ್ಕಳು ಸ್ಕೇಲು ಹಿಡಿದು ಅಂದವಾಗಿ ಚಿತ್ರ ಬರೆಯುತ್ತಿದ್ದರು, ಅಂಕವೂ ಬರುತ್ತಿತ್ತು. ಆ ಚಿತ್ರಕ್ಕೂ ಶಾಲೆಯ ಗೇಟಿನ ಹೊರಗೆ ನಿಂತ ಮೋಟರ್ ಸೈಕಲ್ಲಿಗೂ ಸಂಬಂಧವಿದೆ ಎಂದು ಎಷ್ಟು ಜನರಿಗೆ ಹೊಳೆಯಿತೋ! ಎನ್‌ಸಿಇಆರ್‌ಟಿ ಪಠ್ಯ ಬಂದ ಮೇಲೆ ಆ ಪಾಠವೂ ಹೊರಟುಹೋಯಿತು. ಈಗ ಚಿತ್ರವೂ ಇಲ್ಲ.

ಯಾದಗಿರಿ ಜಿಲ್ಲೆಯ ಮಟ್ಟಿಗೆ ಇದು ಬರೀ ಕುತೂಹಲದ ಮಾತಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇಕಡ 94ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ, ಯಾದಗಿರಿ ಶೇಕಡ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಅಂದರೆ ಪರೀಕ್ಷೆಗೆ ಕುಳಿತ ಇಬ್ಬರಲ್ಲಿ ಒಬ್ಬರು ಫೇಲು. ಹಾಗೆ ಫೇಲಾದ ಹುಡುಗರಲ್ಲಿ ಹಲವರು ಮರು ತಿಂಗಳೇ ಗ್ಯಾರೇಜಿಗೋ, ಗುಳೆ ಹೋಗುವ ಬಸ್ಸಿಗೋ ಸೇರುತ್ತಾರೆ. ಗ್ಯಾರೇಜಿನಲ್ಲಿ ಅದೇ ಹುಡುಗ ಆರು ತಿಂಗಳಲ್ಲಿ ಕಾರ್ಬುರೇಟರ್ ಬಿಚ್ಚಿ ಜೋಡಿಸುತ್ತಾನೆ. ಶಾಲೆಯಲ್ಲಿ ‘ದಡ್ಡ’ನಾಗಿದ್ದವನ ಕೈಗೆ ಅಲ್ಲಿ ಬುದ್ಧಿ ಎಲ್ಲಿಂದ ಬಂತು? ಬುದ್ಧಿ ಮೊದಲೂ ಇತ್ತು. ಶಾಲೆ ಅವನ ಕೈಗೆ ಏನನ್ನೂ ಕೊಟ್ಟಿರಲಿಲ್ಲ. ಮಾದರಿ ಮಾಡಿಸಿಬಿಟ್ಟರೆ ಜಿಲ್ಲೆಯ ಫಲಿತಾಂಶ ಮೇಲೇರುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಶಿಕ್ಷಕರ ಕೊರತೆ, ಮನೆಯ ಬಡತನ ಮುಂತಾದ ಬೇರೆ ಕಾರಣಗಳಿವೆ. ಆದರೆ ವಿಜ್ಞಾನ ತನಗೂ ಸೇರಿದ್ದು ಎಂದು ಒಂದು ಮಗುವಿಗೆ ಅನಿಸಬೇಕಾದರೆ ಅದರ ಕೈಯಲ್ಲಿ ಏನಾದರೊಂದು ತಿರುಗಬೇಕು, ಓಡಬೇಕು.

ಮೊದಲು ದೋಣಿ

ಸಂಕ್ರಾಂತಿಯ ಮೈಲಾಪುರ ಜಾತ್ರೆ, ತಿಂಥಣಿಯ ಮೌನೇಶ್ವರನ ಜಾತ್ರೆಗಳಿಗೆ ಹೋಗಿ ಬಂದ ಹಿರಿಯರಿಗೆ ಆಟಿಕೆ ಅಂಗಡಿಯ ತಗಡಿನ ದೋಣಿ ನೆನಪಿರಬಹುದು. ಹಿಂದೆ ಎರಡು ಸಣ್ಣ ಕೊಳವೆ, ಹೊಟ್ಟೆಯೊಳಗೆ ಒಂದು ಚೂರು ಮೇಣದಬತ್ತಿ. ಪರಾತದ ನೀರಿನಲ್ಲಿ ಬಿಟ್ಟರೆ ‘ಪುಟ್ ಪುಟ್ ಪುಟ್’ ಎಂದು ಸುತ್ತು ಹೊಡೆಯುವ ದೋಣಿ. ಅದನ್ನು ನಾವು ಆಟಿಕೆ ಎಂದುಕೊಂಡೆವು. ನಿಜಕ್ಕೂ ಅದೊಂದು ಉಷ್ಣ ಎಂಜಿನ್. ಥಾಮಸ್ ಪಿಯೊಟ್ ಎಂಬಾತ 1891ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಚಕ್ರವಿಲ್ಲ, ಕವಾಟವಿಲ್ಲ. ಇಷ್ಟು ಸರಳವಾದ ಎಂಜಿನ್ ಇನ್ನೊಂದಿಲ್ಲ ಎಂದೇ ಹೇಳಬೇಕು. ಆದ್ದರಿಂದ ಎಂಜಿನ್ ಕಲಿಸುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಮಾಡುವುದು ಹೀಗೆ. ತಂಪು ಪಾನೀಯದ ಖಾಲಿ ಅಲ್ಯೂಮಿನಿಯಂ ಡಬ್ಬಿಯನ್ನು ಕತ್ತರಿಸಿ ಅಂಗೈಯಗಲದ ತಗಡು ತೆಗೆದುಕೊಳ್ಳಿ. ಅಂಚು ಬ್ಲೇಡಿನಷ್ಟು ಹರಿತವಾಗಿರುವುದರಿಂದ ಕತ್ತರಿಸುವ ಕೆಲಸ ಮಾತ್ರ ದೊಡ್ಡವರದು. ತಗಡನ್ನು ನಡುವೆ ಮಡಚಿ, ಎರಡು ಬದಿಯ ಅಂಚನ್ನು ಎರಡೆರಡು ಬಾರಿ ಒಳಕ್ಕೆ ಮಡಿಸಿ, ಚಪ್ಪಟೆ ಚೀಲ ಮಾಡಿ. ತೆರೆದ ಬಾಯಿಗೆ ಬಾಗುವ ಎರಡು ಸ್ಟ್ರಾ ತೂರಿಸಿ, ಎಲ್ಲ ಸಂದಿಗಳನ್ನೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎಂ-ಸೀಲ್‌ನಂಥ ಅಂಟಿನಿಂದ ಮುಚ್ಚಿ ಒಂದು ರಾತ್ರಿ ಒಣಗಲು ಬಿಡಿ. ಮರುದಿನ ಇದನ್ನು ಜ್ಯೂಸಿನ ರಟ್ಟಿನ ಡಬ್ಬಿಯಿಂದ ಮಾಡಿದ ದೋಣಿಯ ಮೇಲೆ ಕೂರಿಸಿ. ಸ್ಟ್ರಾಗಳ ತುದಿ ಹಿಂದೆ ನೀರಿನಲ್ಲಿ ಮುಳುಗಿರಲಿ. ಚೀಲದೊಳಗೆ ನೀರು ತುಂಬಿ, ಕೆಳಗೆ ಮೇಣದಬತ್ತಿ ಹಚ್ಚಿ. ನೀರು ತುಂಬದೆ ಬತ್ತಿ ಹಚ್ಚಿದರೆ ಅಂಟು ಸುಟ್ಟು ಕೆಲಸ ಕೆಡುತ್ತದೆ.

ಮೊದಲ ಸಲಕ್ಕೇ ದೋಣಿ ಓಡುವುದು ಅಪರೂಪ. ಇಲ್ಲಿ ಪಾಲಕರಿಗೊಂದು ವಿನಂತಿ: ಆ ಹೊತ್ತಿನಲ್ಲಿ ನೀವು ಕೈ ಹಾಕಬೇಡಿ. ಯಾಕೆ ಓಡಲಿಲ್ಲ ಎಂದು ಮಗುವೇ ಹುಡುಕಲಿ. ಎಲ್ಲೋ ಸೋರುತ್ತಿರಬೇಕು. ಸೋರಿಕೆ ಹುಡುಕುವುದು ಹೇಗೆ? ಯಾದಗಿರಿ ಸ್ಟೇಷನ್ ರಸ್ತೆಯಿಂದ ಹಿಡಿದು ಹಳ್ಳಿಯ ಅಗಸಿಯವರೆಗೆ ಇರುವ ಪ್ರತಿ ಪಂಚರ್ ಅಂಗಡಿಯಲ್ಲೂ ಈ ವಿದ್ಯೆ ಮಕ್ಕಳು ನೋಡಿರುವಂಥದ್ದೇ. ಒಂದು ಸ್ಟ್ರಾವನ್ನು ಬೆರಳಿನಿಂದ ಮುಚ್ಚಿ, ಚೀಲವನ್ನು ನೀರಿನಲ್ಲಿ ಮುಳುಗಿಸಿ, ಇನ್ನೊಂದರಿಂದ ಊದಿದರೆ ಗುಳ್ಳೆ ಎಲ್ಲೇಳುತ್ತದೋ ಅಲ್ಲೇ ತೂತು. ‘ಪಂಚರ್ ಅಂಗಡಿ ಚಾಚಾ ಮಾಡೋದು ಇದನ್ನೇ’ ಎಂದು ಮಗುವಿಗೆ ಹೊಳೆದ ಕ್ಷಣ ಒಂದು ಇಡೀ ಪಾಠಕ್ಕೆ ಸಮ.

ಓಡಿದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ. ಬಿಸಿಗೆ ಚೀಲದ ನೀರು ಹಬೆಯಾಗಿ ಹಿಗ್ಗುತ್ತದೆ, ಕೊಳವೆಯ ನೀರನ್ನು ಹಿಂದಕ್ಕೆ ದೂಡುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಸರಿ. ಹಬೆ ತಣ್ಣಗಾಗಿ ನೀರಾದಾಗ ಒಳಗಿನ ಒತ್ತಡ ಕುಸಿದು, ಹೊರಗಿನ ನೀರು ಅದೇ ಕೊಳವೆಯಲ್ಲಿ ಮತ್ತೆ ಒಳಕ್ಕೆ ನುಗ್ಗುತ್ತದೆ. ಹಾಗಾದರೆ ದೋಣಿ ಅಷ್ಟೇ ದೂರ ಹಿಂದಕ್ಕೆ ಬರಬೇಕಲ್ಲವೆ? ಬರುವುದಿಲ್ಲ, ಯಾಕೆ? ಉತ್ತರ ಹೇಳುವ ಮುಂಚೆ ಮಗುವಿನ ಮುಂದೆ ಒಂದು ಉರಿಯುವ ಬತ್ತಿ ಇಟ್ಟು, ಒಂದು ಮೊಳ ದೂರದಿಂದ ಊದಲು ಹೇಳಿ. ಆರುತ್ತದೆ. ಈಗ ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಲು ಹೇಳಿ. ಎಷ್ಟು ಎಳೆದರೂ ಜ್ವಾಲೆ ಅಲುಗುವುದಿಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ಬಾಣದಂತೆ ಹೋಗುತ್ತದೆ. ಎಳೆದ ಗಾಳಿ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ನೀರೂ ಹಾಗೆಯೇ. ದೂಡಿದ್ದರ ಬಲ ಉಳಿಯುತ್ತದೆ, ಎಳೆದದ್ದರ ಬಲ ಚದುರಿಹೋಗುತ್ತದೆ.

ಸಿರಿಂಜು, ಸ್ಪೋಕು, ಹಳೆಯ ಸಿ.ಡಿ.

ದೋಣಿಯಲ್ಲಿ ದೂಡುವುದು ಎಳೆಯುವುದು ಕಂಡಿತು. ಆದರೆ ಹೊಲದ ಎಂಜಿನ್ ಚಕ್ರ ತಿರುಗಿಸಬೇಕು. ಹೋಗಿ ಬರುವ ಚಲನೆ ಸುತ್ತುವ ಚಲನೆಯಾಗುವುದು ಹೇಗೆ? ಇದಕ್ಕೆ ಔಷಧಿ ಅಂಗಡಿಯಿಂದ 10 ಮಿಲಿಲೀಟರಿನ ಎರಡು ಹೊಸ ಸಿರಿಂಜು ತನ್ನಿ. ಸೂಜಿಯನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ, ಮತ್ತು ದವಾಖಾನೆಯ ಹಿತ್ತಲಲ್ಲಿ ಬಿದ್ದದ್ದನ್ನು ಯಾವ ಕಾರಣಕ್ಕೂ ಮುಟ್ಟಗೊಡಬೇಡಿ. ಎರಡನ್ನೂ ಸಣ್ಣ ಪ್ಲಾಸ್ಟಿಕ್ ನಳಿಕೆಯಿಂದ ಜೋಡಿಸಿ. ಒಂದನ್ನು ಒತ್ತಿದರೆ ಇನ್ನೊಂದರ ದಂಡ ಹೊರಬರುತ್ತದೆ. ಹೊರಬರುವ ಆ ದಂಡಕ್ಕೆ ಐಸ್‌ಕ್ರೀಮ್ ಕಡ್ಡಿ ಕಟ್ಟಿ, ಕಡ್ಡಿಯ ಇನ್ನೊಂದು ತುದಿಯನ್ನು ‘ಝಡ್’ ಆಕಾರಕ್ಕೆ ಬಗ್ಗಿಸಿದ ಸೈಕಲ್ ಸ್ಪೋಕಿಗೆ ಸಿಕ್ಕಿಸಿ. ಸ್ಪೋಕನ್ನು ಪಾದರಕ್ಷೆಯ ರಟ್ಟಿನ ಡಬ್ಬಿಯ ಎರಡು ಗೋಡೆಗಳಲ್ಲಿ ತೂರಿಸಿದರೆ ಮುಗಿಯಿತು. ಸಿರಿಂಜು ಸಿಲಿಂಡರ್, ಅದರೊಳಗಿನದು ಪಿಸ್ಟನ್, ಕಡ್ಡಿಯೇ ಕನೆಕ್ಟಿಂಗ್ ರಾಡ್, ಬಗ್ಗಿದ ಸ್ಪೋಕು ಕ್ರ್ಯಾಂಕ್.

ಒಬ್ಬ ಒತ್ತುತ್ತಾನೆ, ಎಳೆಯುತ್ತಾನೆ. ಸ್ಪೋಕು ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ದಂಡ, ಕಡ್ಡಿ, ಕ್ರ್ಯಾಂಕ್ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಎಷ್ಟು ಒತ್ತಿದರೂ ಅದು ಅಲುಗದು. ಸ್ಪೋಕಿನ ತುದಿಗೆ ಎರಡು ಹಳೆಯ ಸಿ.ಡಿ. ಅಂಟಿಸಿ, ಅಂಚಿನಲ್ಲಿ ನಾಲ್ಕು ನಟ್ಟು ಕೂರಿಸಿ ಭಾರ ಮಾಡಿ ಮತ್ತೆ ನೋಡಿ. ಈಗ ತಿರುಗಿದ ರಭಸವೇ ಆ ಸತ್ತ ಜಾಗವನ್ನು ದಾಟಿಸುತ್ತದೆ. ಹಿಂದೆ ನಮ್ಮ ಹಿಟ್ಟಿನ ಗಿರಣಿಗಳಲ್ಲೂ ಹಳ್ಳದ ದಂಡೆಯಲ್ಲೂ ‘ಟುಕ್ ಟುಕ್’ ಎನ್ನುತ್ತಿದ್ದ ಲಿಸ್ಟರ್ ಮಾದರಿಯ ಎಂಜಿನ್ನಿಗೆ ಎರಡೂ ಬದಿಗೆ ಅಷ್ಟು ಭಾರದ ಬೀಡಿನ ಗಾಲಿ ಯಾಕಿತ್ತು ಎಂದು ಅಜ್ಜನನ್ನು ಕೇಳಬೇಕಾಗಿಲ್ಲ, ಮಗುವೇ ಅಜ್ಜನಿಗೆ ಹೇಳುತ್ತದೆ.

ಗಾಡಿಯ ‘ಸಿಸಿ’ ಎಂಬ ಒಗಟೂ ಇಲ್ಲಿಯೇ ಬಿಡುತ್ತದೆ. ಸಿರಿಂಜಿನ ಮೇಲಿನ ಮಿಲಿಲೀಟರೂ ಗಾಡಿಯ ಸಿಸಿಯೂ ಒಂದೇ ಅಳತೆ. 100 ಸಿಸಿ ಮೋಟರ್ ಸೈಕಲ್ ಎಂದರೆ ಇಂಥ ಹತ್ತು ಸಿರಿಂಜು, ಸುಮಾರು ಒಂದು ಕಪ್ ಚಹಾದಷ್ಟು ಜಾಗ. ಅಷ್ಟರೊಳಗಿನ ಗಾಳಿ ಮತ್ತು ಪೆಟ್ರೋಲಿನ ಹನಿ ಸೇರಿ ಮೂವರನ್ನು ಹೊತ್ತು ಸುರಪುರದ ಗುಡ್ಡ ಹತ್ತಿಸುತ್ತವೆ. ಮೂವರು ಕೂರುವುದು ಕಾನೂನಿಗೆ ವಿರುದ್ಧ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ.

ನಾಲ್ಕು ಹೊಡೆತಗಳನ್ನು ಕಲಿಸಲು ರಟ್ಟಿನ ಚಪ್ಪಟೆ ಮಾದರಿ ಸಾಕು. ಸಿಲಿಂಡರಿನ ಮೇಲೆ ಎರಡು ಬಾಗಿಲು ಕತ್ತರಿಸಿದರೆ ಅವೇ ಕವಾಟ. ಹೀರು, ಅದುಮು, ಸಿಡಿ, ಉಗುಳು. ಈ ನಾಲ್ಕು ಮಾತು ಹೇಳುತ್ತ ಮಕ್ಕಳೇ ಕೈಯಿಂದ ಕ್ರ್ಯಾಂಕ್ ತಿರುಗಿಸಲಿ, ಬಾಗಿಲು ತೆಗೆದು ಹಾಕಲಿ. ನಾಲ್ಕರಲ್ಲಿ ಒಂದೇ ಹೊಡೆತ ದುಡಿಯುತ್ತದೆ, ಉಳಿದ ಮೂರು ಅದರ ದುಡಿಮೆಯ ಮೇಲೆ ಬದುಕುತ್ತವೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಒಂದು ಸಿಡಿತ. ನಿಮಿಷಕ್ಕೆ 650 ಸುತ್ತು ತಿರುಗುವ ಆ ಗಿರಣಿ ಎಂಜಿನ್ನಿನಲ್ಲಿ 325 ಸಿಡಿತ, ಅಂದರೆ ಸೆಕೆಂಡಿಗೆ ಐದಕ್ಕಿಂತ ಸ್ವಲ್ಪ ಹೆಚ್ಚು. ಮೊದಲು ಕೇಳಿದ ಪ್ರಶ್ನೆಗೆ ಇದೇ ಉತ್ತರ. ಒಂದೊಂದು ‘ಟುಕ್’ ಕೂಡ ಒಂದು ಸಿಡಿತದ ಹೊಗೆ ಹೊರಬಿದ್ದ ಸದ್ದು.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಮತ್ತೆ ಬೆಂಕಿ ಎಲ್ಲಿಂದ? ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಇಪ್ಪತ್ತು ಸಲ ಜೋರಾಗಿ ಹೊಡೆಯಿರಿ, ಆಮೇಲೆ ಪಂಪಿನ ಬುಡ ಮುಟ್ಟಿ ನೋಡಿ. ಬೆಚ್ಚಗಾಗಿರುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನಾರರಿಂದ ಇಪ್ಪತ್ತನೇ ಒಂದು ಭಾಗಕ್ಕೆ ಅದುಮುತ್ತದೆ. ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅದರೊಳಗೆ ಡೀಸೆಲ್ ಚಿಮ್ಮಿದರೆ ಕಡ್ಡಿ ಗೀರುವ ಅಗತ್ಯವೇ ಇಲ್ಲ. ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಶುರು ಮಾಡುತ್ತಿದ್ದವರು ಮೊದಲು ಮೇಲಿನ ಸಣ್ಣ ಲಿವರ್ ಎತ್ತಿ, ಗಾಲಿ ರಭಸ ಹಿಡಿದ ಮೇಲೆ ‘ಟಪ್’ ಎಂದು ಬಿಡುತ್ತಿದ್ದುದರ ಗುಟ್ಟೂ ಇದೇ: ಲಿವರ್ ಎತ್ತಿದಾಗ ಕವಾಟ ತೆರೆದಿರುವುದರಿಂದ ಗಾಳಿ ಅದುಮುವ ಶ್ರಮವಿಲ್ಲ, ಬಿಟ್ಟೊಡನೆ ಅದುಮುವಿಕೆ ಶುರು, ಬೆಂಕಿಯೂ ಶುರು.

‘ಕರೆಂಟ್ ಗಾಡಿ ಬಂದಾವಲ್ರೀ...’

ಇನ್ನು ಹತ್ತಿಪ್ಪತ್ತು ವರ್ಷದಲ್ಲಿ ಎಲ್ಲ ವಿದ್ಯುತ್ ವಾಹನವಾದರೆ ಈ ಎಂಜಿನ್ ವಿದ್ಯೆ ಯಾತಕ್ಕೆ ಎಂದು ಪಾಲಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಪಕ್ಕದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿದೆ. 1985ರಲ್ಲಿ ಮೊದಲ ಘಟಕ ಆರಂಭವಾದ, ಒಟ್ಟು 1720 ಮೆಗಾವಾಟ್ ಸಾಮರ್ಥ್ಯದ ಆ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು, ಕೃಷ್ಣೆಯ ನೀರು ಕಾಯಿಸಿ, ಹಬೆಯಿಂದಲೇ ಟರ್ಬೈನ್ ತಿರುಗಿಸುತ್ತಾರೆ. ಇದರ ಮೂಲಪುರುಷನನ್ನು ಮನೆಯಲ್ಲೇ ಮಾಡಬಹುದು. ಮುಚ್ಚಳ ತೆರೆಯದ ತಂಪು ಪಾನೀಯದ ಡಬ್ಬಿಯ ಮೇಲ್ಭಾಗದಲ್ಲಿ ಎದುರುಬದುರು ಎರಡು ಸಣ್ಣ ತೂತು ಮಾಡಿ, ತೂತಿನಲ್ಲಿ ಮೊಳೆ ಇರುವಾಗಲೇ ಎರಡನ್ನೂ ಒಂದೇ ಸುತ್ತಿನ ದಿಕ್ಕಿಗೆ ಓರೆ ಮಾಡಿ. ಒಳಗಿನದನ್ನು ಬಸಿದು, ಎರಡು ಚಮಚ ನೀರು ತುಂಬಿ, ಮೇಲಿನ ಕಿವಿಗೆ ದಾರ ಕಟ್ಟಿ ತೂಗುಬಿಟ್ಟು ಕೆಳಗೆ ಸ್ಪಿರಿಟ್ ದೀಪ ಇಡಿ. ಎರಡು ತೂತಿನಿಂದಲೂ ಹಬೆ ಓರೆಯಾಗಿ ಚಿಮ್ಮಿ ಡಬ್ಬಿ ಗಿರಗಿರನೆ ತಿರುಗುತ್ತದೆ. ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತ ಒಂದನೇ ಶತಮಾನದಲ್ಲಿ ಇಂಥದ್ದನ್ನೇ ವರ್ಣಿಸಿದ್ದ.

ಇಲ್ಲಿ ಒಂದು ಮಾತನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು: ಬಾಯಿ ಮುಚ್ಚಿದ ಯಾವ ಪಾತ್ರೆಯನ್ನೂ ಕಾಯಿಸಬಾರದು. ಹಬೆಗೆ ಹೊರಹೋಗುವ ದಾರಿ ಇರಲೇಬೇಕು, ತೂತು ಕಟ್ಟಿದೆಯೇ ಎಂದು ಪ್ರತಿ ಸಲ ನೋಡಬೇಕು, ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಅಡುಗೆಮನೆಯ ಕುಕ್ಕರಿಗೆ ಸೀಟಿಯ ಜೊತೆಗೆ ಸೇಫ್ಟಿ ವಾಲ್ವೂ ಯಾಕಿದೆ ಎಂದು ಅಮ್ಮ ಹೇಳಿಕೊಟ್ಟರೆ ಪಾಠ ಇನ್ನೂ ಗಟ್ಟಿ.

ಕೈಯಿಂದ ಮಾಡಿ ಕಲಿಯುವ ಮಾತು ಹೊಸದಲ್ಲ. ಕಾನ್ಪುರದ ಐಐಟಿಯಲ್ಲಿ ಓದಿ, ಟೆಲ್ಕೊ ಕಾರ್ಖಾನೆಯಲ್ಲಿದ್ದ ಅರವಿಂದ ಗುಪ್ತ ಅವರು ಕಸದಿಂದ ಆಟಿಕೆ, ಆಟಿಕೆಯಿಂದ ವಿಜ್ಞಾನ ಎಂದು ದಶಕಗಳ ಕಾಲ ದೇಶ ಸುತ್ತಿದರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳಲ್ಲಿ ಒಂದು ಬ್ಯಾಟರಿ, ಒಂದು ಅಯಸ್ಕಾಂತ, ಎರಡು ಸೇಫ್ಟಿ ಪಿನ್ನು, ಒಂದಿಷ್ಟು ತಾಮ್ರದ ತಂತಿಯಿಂದ ಮಾಡುವ ಮೋಟರ್ ಇದೆ. ವಿದ್ಯುತ್ ವಾಹನ ನೋಡುವ ಮಗು ಮಾಡಲೇಬೇಕಾದ ಮಾದರಿ ಅದು. 1999ರಲ್ಲಿ ಆರಂಭವಾದ ಅಗಸ್ತ್ಯ ಸಂಸ್ಥೆ ಸಂಚಾರಿ ಪ್ರಯೋಗಾಲಯಗಳನ್ನು ಹಳ್ಳಿ ಶಾಲೆಗಳ ಬಾಗಿಲಿಗೆ ಒಯ್ದಿದೆ. ಸುರಪುರ ತಾಲ್ಲೂಕಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಈ ಶತಮಾನದ ಮೊದಲ ದಶಕದಿಂದಲೂ ಸರ್ಕಾರಿ ಶಿಕ್ಷಕರೊಡನೆ ದುಡಿಯುತ್ತ ಬಂದಿದೆ. ಇನ್ನು ನಮ್ಮದೇ ಸಮಗ್ರ ಶಿಕ್ಷಣ ಇಲಾಖೆ 2022-23ರ ಕಲಿಕಾ ಚೇತರಿಕೆ ವರ್ಷದಲ್ಲಿ ನಡೆಸಿದ ಕಲಿಕಾ ಹಬ್ಬದಲ್ಲಿ ‘ಮಾಡು-ಆಡು’ ಮತ್ತು ‘ಊರು ತಿಳಿಯೋಣ’ ಎಂಬ ಎರಡು ಮೂಲೆಗಳಿದ್ದವು. ಎಂಜಿನ್ ಕಲಿಸಲು ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಶಾಲೆಯಲ್ಲಿ ಮಾಡು-ಆಡು, ಮರುದಿನ ಗ್ಯಾರೇಜಿಗೆ ಹೋಗಿ ಊರು ತಿಳಿ. ಹಬ್ಬ ಎರಡು ದಿನಕ್ಕೆ ಮುಗಿಯುತ್ತದೆ ಎಂಬುದೊಂದೇ ಕೊರತೆ.

ಗ್ಯಾರೇಜಿನ ಮಿಸ್ತ್ರಿಗಳನ್ನು ಶಾಲೆಗೆ ಕರೆಯಬೇಕು. ಬಿಚ್ಚಿದ ಹೆಡ್ಡು, ಸವೆದ ಪಿಸ್ಟನ್, ಮುರಿದ ರಿಂಗು ತೆಗೆದುಕೊಂಡು ಬಂದು ಅರ್ಧ ಗಂಟೆ ಮಾತಾಡಿದರೆ ಸಾಕು. ಮಗುವನ್ನು ಗ್ಯಾರೇಜಿಗೆ ದುಡಿಯಲು ಕಳಿಸುವುದು ಬೇರೆ, ಮಿಸ್ತ್ರಿಯನ್ನು ಗುರುವಾಗಿ ಕರೆಸುವುದು ಬೇರೆ. ಮೊದಲನೆಯದು ನಿಲ್ಲಬೇಕಾದರೆ ಎರಡನೆಯದು ಶುರುವಾಗಬೇಕು ಎಂಬುದು ನನ್ನ ಎಣಿಕೆ. ಇನ್ನೊಂದು ವಿಚಾರ ಗಮನಿಸಿ. ಯಾವುದೇ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೂ ಸ್ಕ್ರೂಡ್ರೈವರ್ ಹುಡುಗರ ಕೈಯಲ್ಲಿ, ಬಣ್ಣದ ಕಾಗದ ಹುಡುಗಿಯರ ಕೈಯಲ್ಲಿ. ಒಲೆ, ಕುಕ್ಕರು, ಹೊಲಿಗೆ ಯಂತ್ರ ಎಲ್ಲವನ್ನೂ ಹುಡುಗರಿಗಿಂತ ಹತ್ತಿರದಿಂದ ನೋಡಿದವರು ಅವರೇ. ಹೊಲಿಗೆ ಯಂತ್ರದ ಪೆಡಲು ಗಾಲಿಯನ್ನು ತಿರುಗಿಸುವುದು ಕ್ರ್ಯಾಂಕಿನಿಂದಲೇ ಎಂದು ಒಮ್ಮೆ ತೋರಿಸಿ ನೋಡಿ.

ಸಾಧ್ಯವಿದ್ದರೆ ಮಕ್ಕಳನ್ನು ಕಲಬುರಗಿಯ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯಿರಿ. ಬೆಂಗಳೂರಿಗೆ ಹೋದವರು ಕಬ್ಬನ್ ಪಾರ್ಕಿನ ಬದಿಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಎಂಜಿನ್ನುಗಳಿಗೇ ಮೀಸಲಾದ ಅಂಗಣವನ್ನು ತಪ್ಪಿಸಿಕೊಳ್ಳಬಾರದು. ಆದರೆ ಅಷ್ಟು ದೂರ ಹೋಗದೆಯೂ ಒಂದು ದಾರಿಯಿದೆ. ಕರೆಂಟಿನ ಮೋಟರ್ ಬಂದ ಮೇಲೆ ನಮ್ಮ ಊರುಗಳಲ್ಲಿ ಎಷ್ಟೋ ಡೀಸೆಲ್ ಎಂಜಿನ್ನುಗಳು ಬೇವಿನ ಗಿಡದ ಕೆಳಗೆ ತುಕ್ಕು ಹಿಡಿದು ಕೂತಿವೆ. ಗುಜರಿಯವನು ಬಂದು ತೂಕದ ಮೇಲೆ ಒಯ್ಯುತ್ತಾನೆ. ಅಂಥದ್ದೊಂದನ್ನು ಊರಿನ ಯಾರಾದರೂ ಶಾಲೆಗೆ ಕೊಟ್ಟರೆ, ಮಿಸ್ತ್ರಿಯೊಬ್ಬರು ಒಂದು ಭಾನುವಾರ ಬಂದು ಅದರ ಆಯಿಲು, ಡೀಸೆಲ್ ಪೂರ್ತಿ ಬಸಿದು, ಸೀಮೆಎಣ್ಣೆಯಲ್ಲಿ ತೊಳೆದು ಕೊಟ್ಟರೆ, ಉಳಿದದ್ದನ್ನು ಒಂಬತ್ತನೇ ತರಗತಿಯವರು ನೋಡಿಕೊಳ್ಳುತ್ತಾರೆ. ಮೊದಲು ಬಿಚ್ಚಬೇಕಾದದ್ದು ಮೇಲಿನ ಕವಾಟಗಳ ಮುಚ್ಚಳ. ಅದನ್ನು ತೆಗೆದು, ಒಬ್ಬರು ಗಾಲಿಯನ್ನು ನಿಧಾನವಾಗಿ ತಿರುಗಿಸಲಿ, ಉಳಿದವರು ಕೈ ದೂರ ಇಟ್ಟು ಕವಾಟ ಎಷ್ಟು ಸುತ್ತಿಗೊಮ್ಮೆ ತಗ್ಗುತ್ತದೆ ಎಂದು ಎಣಿಸಲಿ.